ರೊಕ್ಕ ಜಾಸ್ತಿ ಕೊಟ್ಟು ಡಿ2 ಚಾಕು ತಗೊಂಡೆ, ಹಳೇ ಚಾಕುವಿನಷ್ಟೂ ಹರಿತ ಇಲ್ಲ, ಸ್ಟೀಲ್‌ದಾಗ ಏನೈತ್ರಿ?

ಕಾರಟಗಿ ಹುಡುಗ:

ಎಲ್ಲಾರಿಗೂ ನಮಸ್ಕಾರ್ರಿ. ನಂದು ಕಾರಟಗಿ, ರೈಸ್ ಮಿಲ್‌ದಾಗ ಸ್ಟಾಕ್ ನೋಡ್ಕೊಳ್ಳೋ ಕೆಲಸ. ಕಿಸೆದಾಗ ಮಡಚೋ ಚಾಕು ಇಲ್ದ ನಮಗ ಕೆಲಸ ನಡೆಯಂಗಿಲ್ಲ, ಚೀಲದ ಹೊಲಿಗಿ ಬಿಚ್ಚೋದು, ಸುತಲಿ ಕೊಯ್ಯೋದು, ಪ್ಲಾಸ್ಟಿಕ್ ಪಟ್ಟಿ ಹರಿಯೋದು, ಮತ್ತ ಮಧ್ಯಾಹ್ನ ಅದನ್ನ ತೊಳಕೊಂಡು ಊಟಕ್ಕ ಉಳ್ಳಾಗಡ್ಡಿ ಹೆಚ್ಚೋದು, ಎಲ್ಲಾ ಅದರಾಗನ.

ಇಷ್ಟು ವರ್ಷ ನಮ್ಮ ಮಾವ ಕೊಟ್ಟ ಹಳೇ ವಿಕ್ಟೋರಿನಾಕ್ಸ್ ಇತ್ತು. ಅದರ ಮ್ಯಾಲ ನಂದೇನೂ ತಕರಾರಿಲ್ಲ, ಆದ್ರ ಭತ್ತದ ಸೀಸನ್ ಶುರು ಆತಂದ್ರ ಮುಂಜಾನಿ ಸಾಣಿ ಹಿಡದಿದ್ದು ಸಂಜಿ ಅನ್ನೋದ್ರಾಗ ಮೊಂಡ. ಅದಕ್ಕ ಯೂಟ್ಯೂಬ್‌ದಾಗ ನೋಡಿ ನೋಡಿ ಡಿ2 ಸ್ಟೀಲ್‌ದು ಒಂದು ಆನ್‌ಲೈನ್ ತರಿಸಿದೆ, ಕಂಪನಿ ಹೆಸರು ಬ್ಯಾಡ ಬಿಡ್ರಿ, ಡಬ್ಬಿ ಮ್ಯಾಲ 60 ಎಚ್‌ಆರ್‌ಸಿ (ಸ್ಟೀಲ್ ಎಷ್ಟು ಗಡಸು ಅನ್ನೋ ಅಳತಿ) ಅಂತ ದೊಡ್ಡಕ್ಷರದಾಗ ಬರದೈತಿ. ಕೈಯಾಗ ಹಿಡದ್ರ ಭಾರಿ ಗಟ್ಟಿ ಅನಸ್ತೈತಿ. ಆದ್ರ ಹಳೇದನ್ನ ಟೊಮ್ಯಾಟೋ ಮ್ಯಾಲ ಇಟ್ಟು ಎಳದ್ರ ಸಾಕು ಇಳಿತೈತಿ, ಹೊಸಾದನ್ನ ಒತ್ತಬೇಕು, ಉಳ್ಳಾಗಡ್ಡಿ ಕೊಯ್ಯಾಕ ಹೋದ್ರ ಅರ್ಧಕ್ಕ ಬಂದು ಟಪ್ ಅಂತ ಸೀಳತೈತಿ, ಕೊಯ್ದಂಗ ಆಗಂಗಿಲ್ಲ. ಸಾಣಿ ಕಲ್ಲಿಗೆ ತಿಕ್ಕಿದೆ, ಅಷ್ಟೇನೂ ಫರಕ್ ಬರಲಿಲ್ಲ.

ನನಗ ಅರ್ಥ ಆಗದ ಮಾತು ಇದು, ಸ್ಟೀಲ್ ಚಲೋ ಇದ್ರ ಹರಿತಾನೂ ಜಾಸ್ತಿ ಇರಬೇಕಲ್ರಿ? ಇದು ಡಿ2 ಅಲ್ವೇ ಅಲ್ಲ ಅಂತೀರೇನು? ಇಲ್ಲಾ ಇನ್ನೂ ಮ್ಯಾಲಿನ ಸ್ಟೀಲ್‌ಗೆ ಹೋಗಬೇಕಾ? ಗೊತ್ತಿದ್ದವರು ಒಂದೀಟು ಹೇಳ್ರಿ.

ಸಿಂಧನೂರು ಗಾಡಿ:

ಆ 60 ಡಬ್ಬಿದ್ದು ಇರಬೇಕು ನೋಡ್ರಿ, ಚಾಕುದ್ದಲ್ಲ 😂 ತಮಾಷೆ ಬಿಡ್ರಿ, ನನ್ನ ಹತ್ರನೂ ಇಂಥದ್ದೇ ಒಂದದ, ನಾನೂ ಉತ್ತರಕ್ಕ ಕಾಯ್ಲಿಕತ್ತೀನಿ. ಟೂಲ್‌ರೂಮ್ ಅಣ್ಣ ಎಲ್ಲಿದಾನ ಕರೀರಿ.

ಟೂಲ್‌ರೂಮ್ ಬಳ್ಳಾರಿ:

ಬಂದೆ ಬಂದೆ, ಶಿಫ್ಟ್ ಮುಗಿಸಿ ಈಗ ನೋಡಿದೆ. ಸ್ವಲ್ಪ ಉದ್ದ ಆಗ್ತತೆ, ಓದ್ಕೊಳ್ಳಿ.

ಚಾಕು ಎಷ್ಟು ಹರಿತ ಆಗ್ತತೆ ಅನ್ನೋದು ಬಹುಪಾಲು ಕಲ್ಲಿನ ಮೇಲೆ ತೀರ್ಮಾನ ಆಗೋ ವಿಷಯ, ಸ್ಟೀಲ್ ಹೆಸರಿನ ಮೇಲೆ ಅಲ್ಲ. ಹರಿತ ಅಂದ್ರೆ ಏನು, ಎರಡು ಇಳಿಜಾರು ಬಂದು ಸೇರೋ ಜಾಗದಾಗೆ ಅಂಚು ಎಷ್ಟು ಸಣ್ಣದೈತೆ ಅನ್ನೋದು. ನಮ್ಮ ತಲೆಕೂದಲು ಸುಮಾರು 50ರಿಂದ 100 ಮೈಕ್ರಾನ್ (ಒಂದು ಎಂಎಂನ ಸಾವಿರದ ಒಂದು ಪಾಲು ಅಂದ್ರೆ ಮೈಕ್ರಾನ್) ದಪ್ಪ ಇರ್ತತೆ, ಚೆನ್ನಾಗಿ ಸಾಣೆ ಹಿಡಿದ ಅಂಚಿನ ತುದಿ ಒಂದು ಮೈಕ್ರಾನ್‌ಗಿಂತ ಕಡಿಮೆ. ಆ ಮಟ್ಟಕ್ಕೆ ಅಗ್ಗದ ಚಾಕುನೂ ತರಬೋದು, ಹದ, ಅಂದ್ರೆ ಸ್ಟೀಲನ್ನ ಕಾಯಿಸಿ ತಣಿಸಿ ಗಡಸು ಮಾಡೋದು, ಸರಿ ಇದ್ರೆ ಸಾಕು. ನಿಮ್ಮ ಮಾವನವ್ರ ವಿಕ್ಟೋರಿನಾಕ್ಸ್‌ನೇ ತಗೊಳ್ಳಿ, ಅದರ ಸ್ಟೀಲ್‌ನಾಗೆ ಕಾರ್ಬನ್ ಅರ್ಧ ಪರ್ಸೆಂಟ್ ಆಸುಪಾಸು, ಗಡಸು 56ರ ಸುತ್ತಮುತ್ತ, ಸ್ಟೀಲ್ ಹುಚ್ಚು ಇರೋರು ಯಾರೂ ಅದನ್ನ ಮೂಸಿ ನೋಡಲ್ಲ. ಆದ್ರೂ ಟೊಮ್ಯಾಟೋ ಇಳಿತತೆ ಅಂತ ನೀವೇ ಹೇಳ್ತಿದೀರಿ.

ಸ್ಟೀಲ್ ಎಲ್ಲಿ ಬರ್ತತೆ ಅಂದ್ರೆ ಆಮೇಲೆ. ಆ ಅಂಚು ಎಷ್ಟು ದಿನ ನಿಲ್ತತೆ, ಕೆಡುವಾಗ ಹೆಂಗೆ ಕೆಡ್ತತೆ, ತುಕ್ಕು ಹಿಡಿತತೋ ಇಲ್ವೋ, ಮತ್ತೆ ಸಾಣೆ ಹಿಡಿಯಾಕೆ ಎಷ್ಟು ಒದ್ದಾಡಬೇಕು, ಇವು ಸ್ಟೀಲ್ ಮತ್ತೆ ಹದದ ಕೈಯಾಗೆ ಐತೆ. ಮೆತ್ತಗಿದ್ರೆ ಅಂಚು ಮಗುಚಿ ಮಲಗ್ತತೆ, ಗಡಸು ಇದ್ರೆ ನಿಲ್ತತೆ ಆದ್ರೆ ಗಟ್ಟಿ ಏನಾದ್ರೂ ತಾಗಿದ್ರೆ ಚೂರು ಚೂರಾಗಿ ಉದುರ್ತತೆ.

ಡಿ2 ಮೂಲತಃ ಡೈ ಮಾಡೋ ಸ್ಟೀಲು, ನಾವು ಪಂಚ್, ಶಿಯರ್ ಬ್ಲೇಡ್ ಎಲ್ಲಾ ಅದರಾಗೇ ಮಾಡ್ತೀವಿ. ಕಾರ್ಬನ್ 1.5 ಪರ್ಸೆಂಟ್, ಕ್ರೋಮಿಯಂ 12. ಇಷ್ಟು ಎರಡೂ ಸೇರಿದಾಗ ಒಳಗೆ ಕ್ರೋಮಿಯಂ ಕಾರ್ಬೈಡ್ ಅಂತ ಗಡಸು ಹರಳು ಹುಟ್ತವೆ, ಕೆಲವು 20 ಮೈಕ್ರಾನ್ ದಾಟಿರ್ತವೆ. ಶೇಂಗಾ ಚಿಕ್ಕಿ ನೆನಪು ಮಾಡ್ಕೊಳ್ಳಿ, ಬೆಲ್ಲ ಅಂದ್ರೆ ಸ್ಟೀಲು, ಶೇಂಗಾ ಅಂದ್ರೆ ಕಾರ್ಬೈಡು, ಚಿಕ್ಕಿನ ಬಾಳ ತೆಳ್ಳಗೆ ಕೊಯ್ಯಾಕೆ ಹೋದ್ರೆ ಅಂಚಿನಾಗಿರೋ ಕಾಳು ಕಿತ್ತು ಬರ್ತತೆ. ಅದಕ್ಕೇ ಡಿ2ಗೆ ಕ್ಷೌರದ ಕತ್ತಿ ತರದ ತೆಳು ಅಂಚು ಕೊಟ್ರೆ ತಾಳಲ್ಲ, ಆದ್ರೆ ಒರಟು ಕೆಲಸಕ್ಕೆ, ಚೀಲ ರಟ್ಟು ಹಗ್ಗಕ್ಕೆ, ಆ ಹರಳುಗಳೇ ಸವೆತ ತಡಿತವೆ.

ನಿಮ್ಮದು ಡಿ2 ಅಲ್ಲ ಅಂತ ನಾನು ಹೇಳಲ್ಲ, ನನಗೆ ಅನುಮಾನ ಇರೋದು ಬೇರೆ ಕಡೆ. ಉಳ್ಳಾಗಡ್ಡಿ ಕೊಯ್ಯೋ ಬದ್ಲು ಸೀಳ್ತತೆ ಅಂದ್ರಲ್ಲ, ಅದು ಅಂಚು ಮೊಂಡ ಇರೋದಕ್ಕಿಂತ ಅಲಗು ದಪ್ಪ ಇರೋ ಲಕ್ಷಣ. ಅಂಚಿನ ಹೊಳಪು ಪಟ್ಟಿ ಇರ್ತತಲ್ಲ, ಅದು ಎಲ್ಲಿ ಶುರು ಆಗ್ತತೋ ಅಲ್ಲಿ ವರ್ನಿಯರ್ ಹಿಡಿದು ದಪ್ಪ ನೋಡಿ, ಎರಡೂ ಚಾಕುದ್ದೂ ನೋಡಿ ಇಲ್ಲಿ ಹಾಕಿ. ಮಿಲ್‌ನಾಗೆ ಫಿಟ್ಟರ್ ಹತ್ರ ವರ್ನಿಯರ್ ಇದ್ದೇ ಇರ್ತತೆ.

ರಾಯಚೂರು ಟು ಬೆಂಗ್ಳೂರು:

ಡಿ2 ಹಳೇ ಕಾಲದ್ದು ಬ್ರೋ, ಈಗ ಯಾರು ತಗೋತಾರ. ಎಂ390 ತಗೋರಿ ಇಲ್ಲಾಂದ್ರ ಮ್ಯಾಗ್ನಾಕಟ್, ಲೈಫ್ ಸೆಟಲ್. ನನ್ನ ಹತ್ರ ಎಂ390 ಅದ, ತಿಂಗಳುಗಟ್ಲೆ ಸಾಣಿ ಮುಟ್ಟಿಸಿಲ್ಲ, ಇನ್ನೂ ಪೇಪರ್ ಕೊಯ್ತದ. ಪೌಡರ್ ಸ್ಟೀಲ್ ಮುಂದ ಇವೆಲ್ಲಾ ಏನೂ ಅಲ್ಲ.

ಸಿಂಧನೂರು ಗಾಡಿ:

@ರಾಯಚೂರು ಟು ಬೆಂಗ್ಳೂರು ನೀವು ಅದರಲ್ಲಿ ಏನು ಕೊಯ್ತೀರಿ ಸರ, ಕೊರಿಯರ್ ಡಬ್ಬಿನಾ? ಇಲ್ಲಿ ಭತ್ತದ ಚೀಲಕ್ಕ ಬಂದು ನೋಡ್ರಿ ಒಮ್ಮೆ.

ಟೂಲ್‌ರೂಮ್ ಬಳ್ಳಾರಿ:

ಎಂ390 ಒಳ್ಳೇ ಸ್ಟೀಲೇ, ಇಲ್ಲ ಅನ್ನಲ್ಲ. ಆಸ್ಟ್ರಿಯಾದ ಬೋಲರ್ ಕಂಪನಿದು, ಕಾರ್ಬನ್ 1.9, ಕ್ರೋಮಿಯಂ 20, ವನೇಡಿಯಂ 4. ಕರಗಿದ ಸ್ಟೀಲನ್ನ ಗ್ಯಾಸ್ ಹೊಡೆದು ಪುಡಿ ಮಾಡಿ, ಆ ಪುಡಿನ ಒತ್ತಡ ಶಾಖ ಎರಡೂ ಕೊಟ್ಟು ಗಟ್ಟಿ ಮಾಡ್ತಾರೆ, ಹಂಗಾಗಿ ಕಾರ್ಬೈಡ್ ಎಲ್ಲಾ ಒಂದೆರಡು ಮೈಕ್ರಾನ್ ಸೈಜಿನಾಗೆ ಉಳಿತವೆ, ಡಿ2 ತರ ದೊಡ್ಡ ದೊಡ್ಡವು ಆಗಲ್ಲ. ಮ್ಯಾಗ್ನಾಕಟ್ 2021ರಲ್ಲಿ ಬಂದಿದ್ದು, ಲ್ಯಾರಿನ್ ಥಾಮಸ್ ಅನ್ನೋ ಮೆಟಲರ್ಜಿಸ್ಟ್ ಚಾಕುಗೇ ಅಂತ ಲೆಕ್ಕ ಹಾಕಿ ಮಾಡಿದ್ದು, ಕ್ರೋಮಿಯಂ ಹತ್ತೂವರೆ ಚಿಲ್ಲರೆನೇ ಇದ್ರೂ ತುಕ್ಕು ಹಿಡಿಯಲ್ಲ, ಯಾಕಂದ್ರೆ ಅದರಾಗೆ ಕ್ರೋಮಿಯಂ ಕಾರ್ಬೈಡೇ ಆಗದಂಗೆ ನೋಡ್ಕೊಂಡಿದಾರೆ, ಇರೋ ಕ್ರೋಮಿಯಂ ಎಲ್ಲಾ ತುಕ್ಕು ತಡಿಯೋ ಕೆಲಸಕ್ಕೆ ಸಿಗ್ತತೆ. ಡಿ2ನಾಗೆ ಅದಕ್ಕಿಂತ ಜಾಸ್ತಿ, 12 ಪರ್ಸೆಂಟ್ ಐತೆ, ಆದ್ರೆ ಅರ್ಧಕ್ಕರ್ಧ ಕಾರ್ಬೈಡ್ ಒಳಗೆ ಸಿಕ್ಕಾಕ್ಕೊಂಡಿರೋದಕ್ಕೆ ಅದನ್ನ ಪೂರ್ತಿ ಸ್ಟೇನ್‌ಲೆಸ್ ಅನ್ನಾಕಾಗಲ್ಲ. ಉಳ್ಳಾಗಡ್ಡಿ ಹೆಚ್ಚಿ ಹಂಗೇ ಮಡಚಿ ಇಟ್ರೆ ಕಲೆ ಬೀಳ್ತತೆ, ಅದು ಕಾರಟಗಿ ತಮ್ಮನಿಗೆ ಈಗಾಗ್ಲೇ ಗೊತ್ತಾಗಿರಬೇಕು.

ಆದ್ರೆ ವನೇಡಿಯಂ ಕಾರ್ಬೈಡ್ ಸಾಮಾನ್ಯ ಸಾಣೆ ಕಲ್ಲಿಗಿಂತ ಗಡಸು. ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು ಸುಮಾರು 2100 ವಿಕರ್ಸ್ (ಅದೂ ಗಡಸಿನ ಅಳತೆನೇ), ವನೇಡಿಯಂ ಕಾರ್ಬೈಡ್ 2800 ಹತ್ರ. ಕಲ್ಲು ಸುತ್ತಲಿನ ಸ್ಟೀಲನ್ನ ತಿಂತತೆ, ಹರಳನ್ನ ತಿನ್ನಾಕಾಗಲ್ಲ. ಎಂ390, ಎಸ್30ವಿ ತರದ ವನೇಡಿಯಂ ಇರೋ ಸ್ಟೀಲಿಗೆ ಡೈಮಂಡ್ ಪ್ಲೇಟ್ ಬೇಕೇ ಬೇಕು ಅಂತಲ್ಲ, ಇಲ್ಲದಿದ್ರೆ ಕೈ ಸೋಲ್ತತೆ. ಅಂಗಡಿಯಾಗಿನ ಕಪ್ಪು ಕಾರ್ಬೊರಂಡಂ ಕಲ್ಲು ಇಟ್ಕೊಂಡು ದಿನಾ ಕೆಲಸ ಮಾಡೋನಿಗೆ ಆ ಚಾಕು ಒಮ್ಮೆ ಮೊಂಡ ಆದ್ರೆ ಮತ್ತೆ ಹರಿತ ತರಾಕೆ ಬಾಳ ಒದ್ದಾಡಬೇಕು. ಬ್ರೋ, ನಿಮ್ಮದು ಮೊಂಡ ಆದ ದಿನ ಇಲ್ಲಿ ಬರೀರಿ, ಮಾತಾಡಾಣ.

ಕಾರಟಗಿ ಹುಡುಗ:

ಅಣ್ಣಾ ವರ್ನಿಯರ್ ಹಿಡದು ನೋಡಿದೆ. ಹೊಸಾದು 0.8 ಎಂಎಂ ಬಂತು, ಹಳೇದು 0.3. ಫಿಟ್ಟರ್ ಕಾಕಾನೂ ನೋಡಿ ನಕ್ಕ, ಇದು ಚಾಕು ಅಲ್ಲಲೇ ಉಳಿ ಅಂದ. ಈಗ ಇದಕ್ಕೇನು ಮಾಡ್ಲಿ? ಮತ್ತ ಇನ್ನೊಂದು, ನೀವು ಚೀಲಕ್ಕ ಡಿ2 ಚಲೋ ಅಂದ್ರಿ, ಭತ್ತದ ಚೀಲ ಕೊಯ್ದ್ರ ಯಾಕ ಅಷ್ಟು ಲಗೂನ ಮೊಂಡ ಆಗತೈತಿ? ಬರೇ ಗೋಣಿ ತಾನ ಅದು. ಕಬ್ಬಿಣ ಏನ್ ಕೊಯ್ಯಂಗಿಲ್ಲ ನಾವು.

ಕುಷ್ಟಗಿ ದಾಳಿಂಬ್ರಿ:

ಇದಕ್ಕ ನಾ ಹೇಳ್ತೀನಿ, ಯಾಕಂದ್ರ ನಮ್ಮ ಅಪ್ಪಗೂ ಭತ್ತದ ಗದ್ದಿ ಇತ್ತು, ಕುಡಗೋಲು ಹಲ್ಲು ಎಷ್ಟು ಲಗೂ ಸವಿತಿದ್ವು ಅಂತ ಕಣ್ಣಾರೆ ನೋಡೀನಿ. ಭತ್ತದ ಹೊಟ್ಟಿನಾಗ ಸಿಲಿಕಾ ಐತಿ, ಹೊಟ್ಟು ಸುಟ್ರ ಉಳಿಯೋ ಬೂದಿ ಬಹುತೇಕ ಸಿಲಿಕಾನ. ಹುಲ್ಲಿನಾಗೂ ಐತಿ. ಅದರ ಮ್ಯಾಲ ಕಣದಾಗಿನ ಮಣ್ಣು, ಚೀಲದ ಎಳಿ ಎಳಿಯೊಳಗ ಹೊಕ್ಕಿರೋ ಧೂಳು. ಗೋಣಿ ಕೊಯ್ತೀನಿ ಅಂತ ನಿಮಗ ಅನಸ್ತೈತಿ, ಚಾಕು ಕೊಯ್ಯೋದು ಉಸುಕು.

ಟೂಲ್‌ರೂಮ್ ಬಳ್ಳಾರಿ:

ಸರಿಯಾಗಿ ಹೇಳಿದ್ರಿ. ಇದರಾಗೆ ಒಂದು ಲೆಕ್ಕ ಐತೆ. ಉಸುಕಿನ ಕಣ ಅಂದ್ರೆ ಕ್ವಾರ್ಟ್ಝ್, ಅದರ ಗಡಸು 1100 ವಿಕರ್ಸ್ ಸುಮಾರು. 60 ಎಚ್‌ಆರ್‌ಸಿ ಸ್ಟೀಲ್ ಅಂದ್ರೆ ಸುಮಾರು 700. ಅಂದ್ರೆ ಎಂಥಾ ಚಾಕುನೇ ಆಗ್ಲಿ ಉಸುಕು ಅದನ್ನ ಗೀರ್ತತೆ. ಕ್ರೋಮಿಯಂ ಕಾರ್ಬೈಡ್ ಮಾತ್ರ 1500ರ ಆಚೀಚೆ ಇರ್ತತೆ, ಅದನ್ನ ಉಸುಕು ಗೀರಾಕಾಗಲ್ಲ. ಡಿ2 ಚೀಲಕ್ಕೆ ನಿಲ್ತತೆ ಅಂದಿದ್ದು ಅದಕ್ಕೇ. ವಿಕ್ಟೋರಿನಾಕ್ಸ್‌ನಾಗೆ ಕಾರ್ಬೈಡ್ ಕಡಿಮೆ, ಹಂಗಾಗಿ ಲಗೂ ಸವಿತತೆ, ಆದ್ರೆ ಅದೇ ಕಾರಣಕ್ಕೆ ಐದು ನಿಮಿಷದಾಗೆ ಮತ್ತೆ ಸಾಣೆ ಆಗ್ತತೆ.

ಇಂಗ್ಲೆಂಡಿನ ಶೆಫೀಲ್ಡ್‌ನಾಗೆ ಕ್ಯಾಟ್ರಾ ಅಂತ ಸಂಸ್ಥೆ ಐತೆ, ಚಾಕು ಎಷ್ಟು ಹೊತ್ತು ಹರಿತ ಉಳಿತತೆ ಅಂತ ಅಳಿಯೋ ಮಷಿನ್ ಅವರದ್ದೇ. ಅದರಾಗೆ ಕೊಯ್ಯಾಕೆ ಏನಿಡ್ತಾರೆ ಗೊತ್ತಾ, 5 ಪರ್ಸೆಂಟ್ ಸಿಲಿಕಾ ಬೆರೆಸಿದ ಕಾಗದದ ಕಾರ್ಡು. ಕಾರಟಗಿ ತಮ್ಮ ದಿನಾ ಮಿಲ್‌ನಾಗೆ ಆ ಟೆಸ್ಟೇ ಮಾಡ್ತಿದಾನೆ, ಪುಕ್ಸಟ್ಟೆ.

ಇನ್ನು 0.8 ವಿಷಯ. ಗ್ಯಾರಂಟಿ ಕಾಪಾಡ್ಕೊಳ್ಳಾಕೆ ಕೆಲವರು ಅಂಚು ಇಷ್ಟು ದಪ್ಪ ಬಿಟ್ಟು ಕಳಿಸ್ತಾರೆ, ಮುರಿಯಲ್ಲ ಅಂತ. ನೀವು ತುದಿ ಅಂಚನ್ನ ಎಷ್ಟೇ ತಿಕ್ಕಿದ್ರೂ ಹಿಂದಿನ ದಪ್ಪ ಹಂಗೇ ಉಳಿತತೆ, ಕಾಗದ ಕೊಯ್ಯುತ್ತೆ, ಉಳ್ಳಾಗಡ್ಡಿ ಸೀಳ್ತತೆ. ಅಂಚಿನ ಹಿಂದಿನ ಮೈಯನ್ನೇ ತೆಳ್ಳಗೆ ಮಾಡಬೇಕು. ಗಾಜಿನ ಚೂರು ಇಲ್ಲಾ ಗ್ರಾನೈಟ್ ತುಂಡಿನ ಮೇಲೆ ವಾಟರ್ ಪೇಪರ್ ಹಾಸಿ, ಗಾಡಿಗೆ ಪೇಂಟ್ ಹೊಡಿಯೋರು ಬಳಸ್ತಾರಲ್ಲ ಆ ಕಪ್ಪುದು, 120 ನಂಬರ್. ನೀರು ಹಾಕ್ಕೊಂಡು ಅಲಗನ್ನ ಬಾಳ ತಗ್ಗಿಸಿ, ಹತ್ತು ಡಿಗ್ರಿ ಒಳಗೆ ಇಟ್ಟು ತಿಕ್ಕಿ. ಹೊತ್ತು ಹಿಡಿತತೆ, ಡಿ2 ಅಂದ್ರೆ ಹಠಮಾರಿ, ಟಿವಿ ಹಾಕ್ಕೊಂಡು ಕೂತ್ಕೊಳ್ಳಿ. 0.4, 0.5ಕ್ಕೆ ಬಂದ್ರೆ ಸಾಕು, ಚೀಲದ ಕೆಲಸಕ್ಕೆ ಅದಕ್ಕಿಂತ ತೆಳು ಬ್ಯಾಡ.

ಆಮೇಲೆ ಅಂಚು ಕಟ್ಟಬೇಕು. ಕೋನ ಹೆಂಗೆ ಗೊತ್ತಾಗ್ತತೆ ಅಂತ ಎಲ್ಲಾರೂ ಕೇಳ್ತಾರೆ. ಅಲಗಿನ ಅಗಲ 20 ಎಂಎಂ ಇದ್ರೆ, ಬೆನ್ನನ್ನ ಕಲ್ಲಿನಿಂದ 7 ಎಂಎಂ ಎತ್ತಿದ್ರೆ ಸುಮಾರು 20 ಡಿಗ್ರಿ, 5 ಎಂಎಂ ಎತ್ತಿದ್ರೆ 15. ಡಿ2ಗೆ 20 ಇಟ್ಕೊಳ್ಳಿ. ಅಂಚಿಗೆ ಮಾರ್ಕರ್ ಪೆನ್ ಬಳ್ಕೊಂಡು ಎರಡು ಸಲ ಎಳೆದು ನೋಡಿ, ಇಂಕು ತುದಿತನಕ ಅಳಿಸಿದ್ರೆ ಕೋನ ಸರಿ, ಮೇಲ್ಗಡೆ ಮಾತ್ರ ಅಳಿಸಿದ್ರೆ ಇನ್ನೂ ಎತ್ತಬೇಕು. ಒಂದು ಕಡೆ ತಿಕ್ತಾ ತಿಕ್ತಾ ಆ ಕಡೆ ಬರ್, ಅಂದ್ರೆ ಅಂಚಿಂದ ಮಗುಚಿದ ಲೋಹದ ಸಣ್ಣ ಎಳೆ, ಬರ್ತತೆ, ಹೆಬ್ಬೆರಳನ್ನ ಬೆನ್ನಿನಿಂದ ಅಂಚಿನ ಕಡೆಗೆ ಸವರಿದ್ರೆ ಸಣ್ಣಗೆ ಗೀಚ್ದಂಗೆ ತಾಗ್ತತೆ, ಅಂಚಿನ ಉದ್ದಕ್ಕೆ ಮಾತ್ರ ಬೆರಳು ಎಳಿಬ್ಯಾಡಿ ಮತ್ತೆ. ಹಿಡಿಕೆ ಹತ್ರದಿಂದ ಮೊನೆತನಕ ಬರ್ ಬಂತಂದ್ರೆ ಆ ಕಡೆ ಕೆಲಸ ಮುಗೀತು, ತಿರುಗಿಸಿ ಈ ಕಡೆ. ಜನ ಎಡವೋದು ಇದರ ಮುಂದೆ. ಬರ್ ತಗಿಯದೇ ಬಿಟ್ಟು ಕಾಗದ ಕೊಯ್ದು ಆಹಾ ಹರಿತ ಅಂತಾರೆ, ಮೊದಲ್ನೇ ಚೀಲಕ್ಕೆ ಆ ಬರ್ ಮಗುಚಿ ಬೀಳ್ತತೆ, ಸ್ಟೀಲ್ ಸರಿ ಇಲ್ಲ ಅಂತ ಬೈತಾರೆ. ಕೊನಿಗೆ ಭಾರ ಬಿಡದೆ, ಚಾಕುವಿನ ತೂಕದಷ್ಟೇ ಒತ್ತಿ, ಒಂದ್ಸಲ ಈ ಕಡೆ ಒಂದ್ಸಲ ಆ ಕಡೆ ಎಳೆದು ಬರ್ ಬಿಡಿಸಬೇಕು.

ನೀಲಿ ಪ್ಯಾಂಟು:

ನಾನು ಬಳ್ಳಾರಿ ಜೀನ್ಸ್ ಯೂನಿಟ್‌ನಾಗೆ ಕಟಿಂಗ್ ಮಾಸ್ಟರ್, ಬರ್ ತಗಿಯಾಕೆ ನಮ್ಮ ಹತ್ರ ಒಂದು ಐಡಿಯಾ ಐತೆ. ದಪ್ಪ ಡೆನಿಮ್ ತುಂಡು, ಲೈಕ್ರಾ ಇಲ್ದಿರೋದು, ಹಲಗೆಗೆ ಬಿಗಿಯಾಗಿ ಮೊಳೆ ಹೊಡೆದು ಅದಕ್ಕೆ ಸ್ಟೀಲ್ ಪಾಲಿಶ್ ಮಾಡೋ ಹಸಿರು ಸೋಪು ತಿಕ್ಕಿ. ಚಾಕುನ ಬೆನ್ನು ಮುಂದೆ ಮಾಡಿ ಎಳೀಬೇಕು, ಅಂಚು ಮುಂದೆ ಮಾಡಿದ್ರೆ ಬಟ್ಟೆ ಕೊಯ್ದು ಹೋಗ್ತತೆ. ಚರ್ಮದ ಪಟ್ಟಿ ಹುಡುಕ್ಕೊಂಡು ಹೋಗಬ್ಯಾಡಿ, ಇದೇ ಸಾಕು, ನಮ್ಮೂರಾಗೆ ತುಂಡು ರಾಶಿ ರಾಶಿ ಬಿದ್ದಿರ್ತತೆ.

ಮತ್ತೆ ನಮ್ಮ ಕಟಿಂಗ್ ಮಷಿನ್ ಬ್ಲೇಡು ಎಚ್‌ಎಸ್‌ಎಸ್, ಅಂದ್ರೆ ಹೈ ಸ್ಪೀಡ್ ಸ್ಟೀಲು, ಒಳ್ಳೇ ಗಡಸೇ, ಅಂಥದ್ದನ್ನೇ ದಿನಾ ಎಷ್ಟೋ ಸಲ ಸಾಣೆ ಮಾಡ್ತೀವಿ, ಮಷಿನ್‌ನಾಗೇ ಎಮರಿ ಬೆಲ್ಟ್ ಫಿಟ್ ಆಗಿರ್ತತೆ, ಬಟನ್ ಒತ್ತಿದ್ರೆ ತಾನೇ ಸಾಣೆ ಹಿಡ್ಕೊಂತತೆ. ಸಾಣೆನೇ ಬ್ಯಾಡದ ಸ್ಟೀಲು ಅಂತ ಯಾರಾದ್ರೂ ಮಾರಾಕೆ ಬಂದ್ರೆ ನಂಬಬ್ಯಾಡಿ.

ಕುಷ್ಟಗಿ ದಾಳಿಂಬ್ರಿ:

ನಂದೂ ಒಂದು ಮಾತು ಸೇರಿಸ್ರಿ. ನಾ ಬಳಸೋದು ಒಪಿನೆಲ್, ಫ್ರಾನ್ಸ್‌ದು, ಕಟ್ಟಿಗಿ ಹಿಡಿಕಿದು, ಅದರಾಗ ಎರಡು ಥರ ಬರ್ತೈತಿ, ಒಂದು ಸ್ಟೇನ್‌ಲೆಸ್, 12ಸಿ27 ಅಂತ, ಇನ್ನೊಂದು ಕಾರ್ಬನ್, 0.9 ಪರ್ಸೆಂಟ್ ಕಾರ್ಬನ್ ಇರೋದು. ನಂದು ಕಾರ್ಬನ್. ಅಲಗು ಕಾಗದದಂಗ ತೆಳ್ಳಗ ಐತಿ, ಸಾಣಿ ಹಿಡಿದ್ರ ಎಷ್ಟು ಹರಿತ ಆಗತೈತಿ ಅಂದ್ರ ಗಿಡದ ಸಣ್ಣ ಚಿಗುರು ಸವರಿದ್ರ ಕೊಯ್ದ ಜಾಗ ಹೊಳಿತೈತಿ, ತೊಗಟಿ ಜಗ್ಗಂಗಿಲ್ಲ. ಆದ್ರ ದಾಳಿಂಬ್ರಿ ಸಿಪ್ಪಿ ಒಂದು ಕೊಯ್ದ್ರ ಸಾಕು ಅಲಗು ಕಪ್ಪಗ ಆಗತೈತಿ, ಆ ಒಗರಿನಾಗಿನ ಟ್ಯಾನಿನ್ನು ಕಬ್ಬಿಣಕ್ಕ ತಾಗಿ ಮಸಿ ಆದಂಗ. ಮೊದಮೊದಲು ತಿಕ್ಕಿ ತಗೀತಿದ್ದೆ, ಈಗ ಬಿಟ್ಟೀನಿ, ಆ ಕಪ್ಪು ಪದರ ಇದ್ರ ಕೆಂಪು ತುಕ್ಕು ಕಡಿಮಿ. ಬೆವರು ಕೈಯಾಗ ಹಿಡದು ಹಂಗ ಕಿಸೆಕ್ಕ ಹಾಕಿದ್ರ ಮಾತ್ರ ಸಂಜಿಗೆ ಚುಕ್ಕಿ ಚುಕ್ಕಿ. ಕೊಬ್ರಿ ಎಣ್ಣಿ ಸವರಿ ಇಡ್ತೀನಿ. ತಿನ್ನೋ ಹಣ್ಣು ಕೊಯ್ಯಾಕ ಹೆಂಡತಿ ಅದನ್ನ ಮುಟ್ಟಂಗಿಲ್ಲ, ಅದು ಬ್ಯಾರೆ ಮಾತು.

ಸಿಂಧನೂರು ಗಾಡಿ:

ನಂದೊಂದು ಪ್ರಶ್ನೆ ಅಣ್ಣಾ, ಇಷ್ಟೆಲ್ಲಾ ಫಾರಿನ್ ಸ್ಟೀಲ್ ಯಾಕ ಬೇಕು, ನಮ್ಮ ತೋರಣಗಲ್‌ದಾಗ ಅಷ್ಟು ದೊಡ್ಡ ಫ್ಯಾಕ್ಟರಿ ಅದ, ಸಂಡೂರು ಅದಿರು ಅದ. ಮನಿ ಕಟ್ಟಿದಾಗ ಉಳದ ಟಿಎಂಟಿ ರಾಡ್ ಬಿದ್ದಾವ, ನಮ್ಮೂರ ಕಮ್ಮಾರಗ ಕೊಟ್ರ ಚಾಕು ಬಡದು ಕೊಡ್ತಾನ?

ಟೂಲ್‌ರೂಮ್ ಬಳ್ಳಾರಿ:

ಬಡಿದು ಕೊಡ್ತಾನೆ, ಚಾಕು ಆಕಾರಾನೂ ಬರ್ತತೆ, ಹದ ಮಾತ್ರ ಹಿಡಿಯಲ್ಲ. ಟಿಎಂಟಿನಾಗೆ ಕಾರ್ಬನ್ 0.3ರ ಒಳಗೇ ಇರಬೇಕು ಅಂತ ಸ್ಟ್ಯಾಂಡರ್ಡೇ ಹೇಳ್ತತೆ, ಭೂಕಂಪಕ್ಕೆ ಬಾಗಬೇಕು, ವೆಲ್ಡಿಂಗ್ ಆಗಬೇಕು, ಅದು ಅದರ ಕೆಲಸ. ಅಷ್ಟು ಕಾರ್ಬನ್‌ಗೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ್ರೂ ಚಾಕುಗೆ ಬೇಕಾದಷ್ಟು ಗಡಸು ಬರಲ್ಲ. ಫ್ಯಾಕ್ಟರಿ ದೊಡ್ಡದೈತೆ ಅಂತ ಎಲ್ಲಾ ಸ್ಟೀಲೂ ಚಾಕು ಸ್ಟೀಲ್ ಆಗಲ್ಲ, ಶೀಟು ರಾಡು ಬೇರೆ ಲೋಕ.

ಕಮ್ಮಾರನಿಗೆ ಕೊಡೋದಾದ್ರೆ ಲಾರಿ ಕಮಾನ್ ಪಟ್ಟಿ ಕೊಡಿ, ಗುಜರಿನಾಗೆ ಸಿಗ್ತತೆ. ಸಿಲಿಕಾನ್ ಬೆರೆತ ಸ್ಪ್ರಿಂಗ್ ಸ್ಟೀಲು, ಕಾರ್ಬನ್ 0.55, 0.6 ಇರ್ತತೆ, ನಮ್ಮ ಕಡೆ ಕುಡಗೋಲು ಕೊಡ್ಲಿ ಎಲ್ಲಾ ಅದರಾಗೇ ಮಾಡೋದು. ಬಾಳ ಗಟ್ಟಿಮುಟ್ಟು, ಚೂರು ಉದುರಲ್ಲ. ಅಂಚು ಡಿ2 ಅಷ್ಟು ದಿನ ನಿಲ್ಲಲ್ಲ, ಆದ್ರೆ ಕಲ್ಲಿಗೆ ಎರಡೆಳೆ ಎಳೆದ್ರೆ ವಾಪಸ್ ಬರ್ತತೆ. ಒಳ್ಳೇ ಕಮ್ಮಾರ ಇದ್ರೆ ಒಲೆನಾಗೆ ಬಣ್ಣ ನೋಡಿ, ಆಯಸ್ಕಾಂತ ಹಿಡಿದು ನೋಡಿ ಹದ ಮಾಡ್ತಾನೆ, ಸುಮಾರು 770 ಡಿಗ್ರಿಗೆ ಕಬ್ಬಿಣ ಆಯಸ್ಕಾಂತಕ್ಕೆ ಅಂಟೋದು ಬಿಡ್ತತೆ, ಅದಕ್ಕಿಂತ ಒಂಚೂರು ಮೇಲೆ ಕಾಯಿಸಿ ಎಣ್ಣೆಗೆ ಬಿಡ್ತಾನೆ, ಆಮೇಲೆ ಮತ್ತೆ ಮೆಲ್ಲಗೆ ಕಾಯಿಸಿ ಬಿರುಸು ಇಳಿಸ್ತಾನೆ. ಆದ್ರೆ ಡಿ2, 440ಸಿ, ವಿಜಿ-10 ಇಂಥ ಸ್ಟೀಲುಗಳಿಗೆ ಒಲೆ ಸಾಲಲ್ಲ, ಅವು 1000 ಡಿಗ್ರಿ ದಾಟಿ ಇಷ್ಟು ನಿಮಿಷ ಅಂತ ನಿಲ್ಬೇಕು, ಟೆಂಪರೇಚರ್ ಹತ್ತಿಪ್ಪತ್ತು ಡಿಗ್ರಿ ಆಚೀಚೆ ಆದ್ರೆ ಫಲಿತಾಂಶ ಬೇರೆ. ಒಂದೇ ಡಿ2 ತಂದು ಒಬ್ಬ ಚೆನ್ನಾಗಿ ಹದ ಮಾಡಿ 60 ತರ್ತಾನೆ, ಇನ್ನೊಬ್ಬ ಅವಸರಕ್ಕೆ ಮಾಡಿ 56 ತಂದು ಡಬ್ಬಿ ಮೇಲೆ 60 ಅಂತ ಬರಿತಾನೆ, ಅಲಗಿನ ಮೇಲೆ ಇಬ್ಬರದೂ ಡಿ2 ಅಂತಲೇ ಇರ್ತತೆ. ಅಮೆರಿಕದ ಬಕ್ ಕಂಪನಿ ಇಷ್ಟು ವರ್ಷದಿಂದ 420ಎಚ್‌ಸಿ ಅನ್ನೋ ಸಾದಾ ಸ್ಟೀಲ್‌ನಾಗೇ ಹೆಸರು ಉಳಿಸ್ಕೊಂಡೈತೆ, ಕಾರ್ಬನ್ ಅರ್ಧ ಪರ್ಸೆಂಟೂ ಇಲ್ಲ ಅದರಾಗೆ, ಹದ ಮಾಡೋ ಕೈ ಚೆನ್ನಾಗೈತೆ ಅಷ್ಟೇ. ನನ್ನ ಕೇಳಿದ್ರೆ ಸ್ಟೀಲ್ ಹೆಸರಿಗಿಂತ ಹದ ಮಾಡಿದವ ಯಾರು ಅನ್ನೋದಕ್ಕೆ ರೊಕ್ಕ ಕೊಡ್ತೀನಿ.

ರಾಯಚೂರು ಟು ಬೆಂಗ್ಳೂರು:

ಒಪ್ಕೋತೀನಿ ಅಣ್ಣಾ, ಸಾಣಿ ವಿಷಯದಾಗ ನೀವು ಹೇಳಿದ್ದು ಖರೆ. ಆದ್ರ ಸಾಣಿ ಹಿಡಿಯೋಕ ಟೈಮ್ ಇಲ್ದವರಿಗೆ ಎಂ390 ಅಂತನ ನನ್ನ ವೋಟು. ಅಂದಹಾಗ ಡಮಾಸ್ಕಸ್ ಬಗ್ಗೆ ಏನಂತೀರಿ? ಆನ್‌ಲೈನ್‌ದಾಗ ಭಾರಿ ಡಿಸೈನ್ ಇರೋವು ಸಿಕ್ತಾವ, ಕಡಿಮಿ ರೇಟಿಗೆ.

ಟೂಲ್‌ರೂಮ್ ಬಳ್ಳಾರಿ:

ಡಿಸೈನ್ ನೋಡಾಕೆ ಚೆಂದ. ಎರಡು ಥರ ಸ್ಟೀಲ್ ಪದರ ಪದರ ಬೆಸೆದು ಆಸಿಡ್‌ಗೆ ಅದ್ದಿದ್ರೆ ಆ ಗೆರೆ ಏಳ್ತವೆ, ಹರಿತಕ್ಕೂ ಗೆರೆಗೂ ಸಂಬಂಧ ಇಲ್ಲ. ಹಳೇ ಕಾಲದ ಡಮಾಸ್ಕಸ್ ಕತ್ತಿಗಳ ಸ್ಟೀಲ್ ಬೇರೆ, ಅದು ನಮ್ಮ ದಖನ್ ಕಡೆಯಿಂದ, ಮೂಸೆನಾಗೆ ಕರಗಿಸಿದ ಉಕ್ಕಿನ ಗಟ್ಟಿ ಪರ್ಷಿಯಾ ಕಡೆ ಹೋಗ್ತಿತ್ತು, ನಿಜಾಮಾಬಾದ್ ಹತ್ರ ಕೋನಸಮುದ್ರಂಗೆ ಅಲ್ಲಿನ ವ್ಯಾಪಾರಿಗಳು ಬಂದು ಕೊಂಡ್ಕೊಂಡು ಹೋಗ್ತಿದ್ರು. ಈಗ ಕಡಿಮೆ ರೇಟಿಗೆ ಸಿಗೋದಕ್ಕೂ ಅದಕ್ಕೂ ಹೆಸರು ಬಿಟ್ರೆ ಏನೂ ಇಲ್ಲ. ಒಳಗೆ ಯಾವ ಸ್ಟೀಲ್ ಹಾಕಿದಾರೆ ಅಂತ ಮಾರೋನೇ ಹೇಳದಿದ್ರೆ ಗೋಡೆಗೆ ನೇತಾಕ್ಕೊಳ್ಳಿ.

ಕಾರಟಗಿ ಹುಡುಗ:

ಅಣ್ಣಾ, ಒಂದು ಡೌಟು. ವಾಟರ್ ಪೇಪರ್‌ದಾಗ ತಿಕ್ಕೋದು ನೋಡಿ ಫಿಟ್ಟರ್ ಕಾಕಾ ಅಂದ, ಕೊಡಿಲ್ಲಿ ಬೆಂಚ್ ಗ್ರೈಂಡರ್‌ಗೆ ಹಿಡಿತೀನಿ ಎರಡ ನಿಮಿಷದಾಗ ತೆಳ್ಳಗ ಆಗತೈತಿ ಅಂತ. ಹಿಡಿಸ್ಲಾ?

ಟೂಲ್‌ರೂಮ್ ಬಳ್ಳಾರಿ:

ಬ್ಯಾಡ ಬ್ಯಾಡ, ಕಾಕಾಗೆ ಚಹಾ ಕುಡಿಸಿ ಕಳಿಸು. ಅಂಚು ಅಂದ್ರೆ ಕೂದಲೆಳೆಯಷ್ಟು ಲೋಹ, ಗ್ರೈಂಡರ್ ತಾಗಿದ ಕ್ಷಣಕ್ಕೆ ಅಷ್ಟು ಜಾಗ ಮಾತ್ರ ಕಾದ್ಹೋಗ್ತತೆ. ಒಣ ಹುಲ್ಲಿನ ತಿಳಿ ಹಳದಿ ಬಣ್ಣ ಬಂದ್ರೆ 220, 230 ಡಿಗ್ರಿ, ನೀಲಿ ಬಂದ್ರೆ 300 ಆಸುಪಾಸು. ಗಡಸು ಮಾಡಿದ ಮೇಲೆ ಬಿರುಸು ಇಳಿಸಾಕೆ ಚಾಕುನ ಸಾಮಾನ್ಯವಾಗಿ 200 ಡಿಗ್ರಿ ಹತ್ರ ಕಾಯಿಸಿರ್ತಾರೆ, ಅದನ್ನ ದಾಟಿದ್ರೆ ಅಲ್ಲಿ ಮೆತ್ತಗಾಯ್ತು ಅಂತ. ಬಣ್ಣ ಕಾಣದಿದ್ರೂ ತುದಿ ಸುಟ್ಟಿರಬೋದು. ಎಷ್ಟೋ ಹೊಸ ಚಾಕು ಮೊದಲು ಬೇಗ ಮೊಂಡ ಆಗಿ, ಎರಡ್ಮೂರು ಸಲ ಕೈಯಾಗೆ ಸಾಣೆ ಹಿಡಿದ ಮೇಲೆ ಸುಧಾರಿಸೋದು ಇದಕ್ಕೇ, ಫ್ಯಾಕ್ಟರಿ ಬೆಲ್ಟ್‌ನಾಗೆ ಸುಟ್ಟ ಅಂಚು ಸವೆದು ಒಳಗಿನ ಒಳ್ಳೇ ಸ್ಟೀಲ್ ಬರ್ತತೆ. ಸಂತೆನಾಗೆ ಕಿಡಿ ಹಾರಿಸಿ ಸಾಣೆ ಹಿಡಿಯೋರಿಗೂ ಕೊಡಬ್ಯಾಡ, ಇಳಿಗೆ ಗಿಳಿಗೆ ಇದ್ರೆ ಕೊಡು.

ಕಾರಟಗಿ ಹುಡುಗ:

ಆತಣ್ಣ, ಕೈಯಾಗ ತಿಕ್ಕಿದೆ. ತಿಕ್ಕಿ ತಿಕ್ಕಿ ಬೆರಳ ತುದಿ ಸವದ್ವು, ಮನ್ಯಾಗ ಅವ್ವ ಬೈದ್ಲು ಏನ್ ಕರಕರ ಅಂತ. ಈಗ 0.5 ಐತಿ. 20 ಡಿಗ್ರಿ ಲೆಕ್ಕದಾಗ 7 ಎಂಎಂ ಎತ್ತಿ ಅಂಚು ಕಟ್ಟಿದೆ, ಹಳೇ ಪ್ಯಾಂಟ್ ಹಲಗಿಗೆ ಬಡದು ಎಳದೆ. ಉಳ್ಳಾಗಡ್ಡಿ ಈಗ ಸೀಳಂಗಿಲ್ಲ, ಕೊಯ್ತೈತಿ, ವಿಕ್ಟೋರಿನಾಕ್ಸ್‌ನಷ್ಟು ಸಲೀಸಿಲ್ಲ ಆದ್ರೂ ಪರವಾಗಿಲ್ಲ. ಚೀಲದ ಕೆಲಸಕ್ಕ ಮಾತ್ರ ಜಬರ್ದಸ್ತ್, ಸಂಜಿತನ ಸುತಲಿ ಹರಿತೈತಿ, ಮರುದಿನಾನೂ ಹರೀತು.

ಆದ್ರ ಮೊಬೈಲ್ ಟಾರ್ಚ್ ಹಾಕಿ ಅಂಚು ನೋಡಿದ್ರ ಮೊನಿ ಹತ್ರ ಎರಡ್ಮೂರು ಕಡೆ ಸಣ್ಣಗ ಮಿಂಚತೈತಿ, ಅದೇನು?

ಟೂಲ್‌ರೂಮ್ ಬಳ್ಳಾರಿ:

ಹರಿತ ಅಂಚು ಬೆಳಕು ವಾಪಸ್ ಕೊಡಲ್ಲ, ಮಿಂಚಿದ್ರೆ ಅಲ್ಲಿ ಚೂರು ಉದುರಿರಬೇಕು ಇಲ್ಲಾ ಮಗುಚಿರಬೇಕು. ಉಗುರನ್ನ ಮೆಲ್ಲಗೆ ಅಂಚಿನ ಪಕ್ಕ ಆಡಿಸು, ಉಗುರಿಗೆ ಸಿಕ್ಕಾಕ್ಕೊಂಡ್ರೆ ಉದುರಿದ್ದು. ಪ್ಲಾಸ್ಟಿಕ್ ಪಟ್ಟಿ ಹರಿಯುವಾಗ ಮೊನೆನಾಗೆ ಒತ್ತಿ ತಿರುವುತೀಯಾ? ಡಿ2ಗೆ ಅದೊಂದು ಆಗಲ್ಲ, ಕೊಯ್ಯಾಕೆ ಮಾತ್ರ ಬಳಸು, ಮೀಟಾಕೆ ಬ್ಯಾಡ.

ಈಗ ಪೂರ್ತಿ ಮತ್ತೆ ತಿಕ್ಕಬ್ಯಾಡ. ಬೆನ್ನನ್ನ 8 ಎಂಎಂ ಎತ್ತಿ, ಸಣ್ಣ ಕಲ್ಲಿನ ಮೇಲೆ ಎರಡೂ ಕಡೆ ನಾಲ್ಕೈದು ಸಲ ಹಗೂರಕ್ಕೆ ಎಳಿ. ತುದಿನಾಗೆ ಮಾತ್ರ ಒಂಚೂರು ದಪ್ಪ ಕೋನ ಬರ್ತತೆ, ಹಿಂದೆ ತೆಳ್ಳಗೇ ಉಳಿತತೆ, ಉದುರೋದು ಕಡಿಮೆ ಆಗ್ತತೆ. ಈಗಿರೋ ಗುಂಡಿಗಳು ಮುಂದಿನ ಎರಡ್ಮೂರು ಸಾಣೆನಾಗೆ ತಾವೇ ಹೋಗ್ತವೆ.

ಸಿಂಧನೂರು ಗಾಡಿ:

ವಾಟರ್ ಪೇಪರ್ 120 ತಂದೀನಿ, ಗಾಜು ಸಿಗವಲ್ದು, ನೆಲದ ಟೈಲ್ಸ್ ನಡಿತದಾ?

ಟೂಲ್‌ರೂಮ್ ಬಳ್ಳಾರಿ:

ನಡಿತತೆ. ಸಪಾಟಾಗಿರೋದು ನೋಡಿ ತಗೋ, ಡಿಸೈನ್ ಉಬ್ಬು ಇರೋದು ಬ್ಯಾಡ.